ಕತ್ತರಿ ಹಿಡಿದ ಓದುಗ

ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ಪ್ರಕಟಿಸಿದ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ತೆಳ್ಳನೆಯ ಪುಸ್ತಕ. ಅದನ್ನು ಏಳು ಸಲ ಓದದವರನ್ನು ಜಾಹೀರಾತಿನ ಹತ್ತಿರವೂ ಬಿಡಬಾರದು ಎಂದಿದ್ದ ಡೇವಿಡ್ ಒಗಿಲ್ವಿ. ನಾನು ಓದಿದ್ದು ಎರಡೇ ಸಲ. ಮೊದಲನೆಯ ಸಲ, ಜಾಹೀರಾತಿಗೆ ಕನ್ನಡದ ಸಾಲು ಬರೆದು ಹೊಟ್ಟೆ ಹೊರೆಯುತ್ತಿದ್ದಾಗ. ಎರಡನೆಯ ಸಲ, ಆ ಕೆಲಸ ಬಿಟ್ಟ ಮೇಲೆ. ಎರಡು ಬೇರೆ ಬೇರೆ ಪುಸ್ತಕಗಳನ್ನು ಓದಿದಂತಾಯಿತು.

ಮೊದಲ ಓದಿನಲ್ಲಿ ನನಗೆ ಕಂಡದ್ದು ಅಳತೆ. ಆ ಕಾಲದ ಅಮೆರಿಕದ ಪತ್ರಿಕೆಗಳಲ್ಲಿ ಜಾಹೀರಾತಿನ ಜೊತೆಗೆ ಒಂದು ಕೂಪನ್ ಇರುತ್ತಿತ್ತು. ಒಂದೊಂದು ಜಾಹೀರಾತಿನ ಕೂಪನ್ನಿಗೂ ಒಂದೊಂದು ಗುರುತು. ಒಂದೇ ಸರಕಿಗೆ ಎರಡು ತಲೆಬರಹ ಕೊಟ್ಟು, ಯಾವ ಗುರುತಿನ ಕೂಪನ್ನುಗಳು ಹೆಚ್ಚು ಮರಳಿ ಬಂದವು ಎಂದು ಎಣಿಸಿದರೆ ಗೆದ್ದ ತಲೆಬರಹ ಯಾವುದೆಂದು ತಿಳಿಯುತ್ತಿತ್ತು. ಇಂದು ಎ-ಬಿ ಟೆಸ್ಟಿಂಗ್ ಎಂದು ಹೇಳಿಕೊಡುವುದು ಇದನ್ನೇ.

ನಮ್ಮ ಕಚೇರಿಯಲ್ಲೂ ಇದೇ ನಡೆಯುತ್ತಿತ್ತು. ಒಂದು ಸಾಲಿನಲ್ಲಿ ಸರಕು ಏನು, ಬೆಲೆ ಎಷ್ಟು ಎಂದಿರುತ್ತಿತ್ತು. ಇನ್ನೊಂದರಲ್ಲಿ, ‘ಇದು ಗೊತ್ತಾದರೆ ನೀವು ಬೆಚ್ಚಿಬೀಳುತ್ತೀರಿ!’ ಗೆಲ್ಲುತ್ತಿದ್ದದ್ದು ಯಾವುದೆಂದು ಹೇಳಬೇಕಿಲ್ಲ. ಎರಡನ್ನೂ ಬರೆಯುತ್ತಿದ್ದವನು ನಾನೇ.

ಎರಡನೆಯ ಓದಿನಲ್ಲಿ ಕಣ್ಣಿಗೆ ಬಿದ್ದದ್ದು ಬೇರೆ. ತಲೆಬರಹದ ಕೆಲಸ ದಾರಿಹೋಕರನ್ನೆಲ್ಲ ಕೂಗಿ ಕರೆಯುವುದಲ್ಲ, ಆ ಸರಕು ಯಾರಿಗೆ ಬೇಕೋ ಅವರನ್ನು ಆರಿಸಿಕೊಳ್ಳುವುದು ಎನ್ನುತ್ತಾನೆ ಹಾಪ್ಕಿನ್ಸ್. ನನ್ನ ಗೆದ್ದ ಸಾಲುಗಳು ಯಾರನ್ನೂ ಆರಿಸುತ್ತಿರಲಿಲ್ಲ. ಅವನ ಅಳತೆಗೋಲಿನಿಂದಲೇ ನಾನು ಅವನ ನಿಯಮವನ್ನು ಮುರಿಯುತ್ತಿದ್ದೆ.

ಆ ಅಳತೆಗೋಲೂ ಅಂದಿನದಲ್ಲ. ಅಂದಿನ ಓದುಗ ಕತ್ತರಿ ಹುಡುಕಬೇಕಿತ್ತು, ಕೂಪನ್ ಕತ್ತರಿಸಿ ತನ್ನ ಹೆಸರು, ವಿಳಾಸ ಬರೆಯಬೇಕಿತ್ತು, ಅಂಚೆಗೆ ಹಾಕಬೇಕಿತ್ತು. ಅಷ್ಟರೊಳಗೆ ಬೇಡವೆನಿಸಿದರೆ ಬಿಟ್ಟುಬಿಡಬಹುದಿತ್ತು. ಹಾಪ್ಕಿನ್ಸ್ ಎಣಿಸಿದ್ದು ನಿರ್ಧಾರಗಳನ್ನು. ನಾವು ಎಣಿಸುವ ಕ್ಲಿಕ್ಕಿನಲ್ಲಿ ಬೆರಳು ಜಾರಿದ್ದೂ ಸೇರಿರುತ್ತದೆ.

ಹಾಗೆಂದು ಹಾಪ್ಕಿನ್ಸನನ್ನು ಹರಿಶ್ಚಂದ್ರನನ್ನಾಗಿ ಮಾಡಲಾರೆ. ಷ್ಲಿಟ್ಸ್ ಬಿಯರಿನ ಕಥೆಯನ್ನು 1927ರ ಆತ್ಮಕಥೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಬಿಯರ್ ಮಾಡುವವರೆಲ್ಲ ‘ಶುದ್ಧ’ ಎಂದು ಕೂಗುತ್ತಿದ್ದ ಕಾಲ. ಇವನು ಕಾರ್ಖಾನೆಗೆ ಹೋಗಿ ನೋಡಿದ: ಆಳದ ಬಾವಿಯ ನೀರು, ಯಂತ್ರದಲ್ಲಿ ನಾಲ್ಕು ಸಲ ತೊಳೆದ ಬಾಟಲಿ. ಇದನ್ನೇಕೆ ಜನರಿಗೆ ಹೇಳುವುದಿಲ್ಲ ಎಂದು ಕೇಳಿದರೆ, ಎಲ್ಲರೂ ಮಾಡುವುದು ಇದನ್ನೇ ಎಂಬ ಉತ್ತರ ಬಂತು. ಆದರೂ ಅದನ್ನೇ ಬರೆದ. ಎಲ್ಲರಿಗೂ ಸೇರಿದ ಸತ್ಯ ಒಬ್ಬನ ಸ್ವತ್ತಾಯಿತು. ಸಸ್ಯಜನ್ಯ ಎಣ್ಣೆಯಲ್ಲಿ ಮೊದಲೇ ಇಲ್ಲದ ಕೊಲೆಸ್ಟರಾಲನ್ನು ‘ಕೊಲೆಸ್ಟರಾಲ್ ರಹಿತ’ ಎಂದು ಪೊಟ್ಟಣದ ಮೇಲೆ ಮೆರೆಸುವುದು ಇದೇ ಮನೆತನದ ಜಾಣತನ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಓದುಗನಲ್ಲಿ ಉಳಿಯುವುದು ಮಾತ್ರ ಸುಳ್ಳು.

ಆದರೂ ನನಗೂ ಅವನಿಗೂ ಒಂದು ವ್ಯತ್ಯಾಸವಿದೆ. ಅವನು ಬರೆಯುವ ಮೊದಲು ಹೋಗಿ ನೋಡಿದ್ದ. ನಾನು ಸಾಲು ಬರೆದ ಎಷ್ಟೋ ಸರಕುಗಳನ್ನು ಕೈಯಲ್ಲಿ ಹಿಡಿದೂ ನೋಡಿರಲಿಲ್ಲ. ನೋಡದೆ ಬರೆಯುವವನಿಗೆ ವಿವರ ಸಿಗುವುದಿಲ್ಲ. ವಿವರವಿಲ್ಲದ ಕಡೆ ಉದ್ಗಾರ ಬಂದು ಕೂರುತ್ತದೆ. ಕಥೆ, ಕವಿತೆ ಬರೆಯುವವರಿಗೆ ಇದು ಹೊಸ ಮಾತೇನಲ್ಲ.

ಹಳೆಯ ಸೂತ್ರಗಳು ಇಂದಿಗೂ ಸಲ್ಲುತ್ತವೆಯೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸಲ್ಲುತ್ತವೆ, ಆದರೆ ನಾವು ತಂದುಕೊಂಡದ್ದು ಅರ್ಧವನ್ನು. ಎಣಿಸುವುದನ್ನು ಕಲಿತೆವು, ಹೋಗಿ ನೋಡುವುದನ್ನು ಬಿಟ್ಟೆವು. ಇದರಲ್ಲಿ ನಷ್ಟವಾದದ್ದು ಕೊಳ್ಳುವವನ ಹಣ ಮಾತ್ರವಲ್ಲ. ‘ಬೆಚ್ಚಿಬೀಳು’ ಎಂಬುದು ಒಳ್ಳೆಯ ಕನ್ನಡ ಪದ. ನಾನು ಅದನ್ನು ಎಷ್ಟು ಸಲ ಖರ್ಚು ಮಾಡಿದೆನೆಂದರೆ, ನಿಜಕ್ಕೂ ಬೆಚ್ಚಿಬೀಳುವ ಸುದ್ದಿ ಬಂದ ದಿನ ಬರೆಯಲು ನನ್ನ ಬಳಿ ಅದು ಉಳಿದಿರಲಿಲ್ಲ.