ಮೊದಲು ದ್ರವ, ಆಮೇಲೆ ಸ್ಟೀರಾಯ್ಡ್

ಕಣ್ಣಿನ ಒಳಗೆ ಉರಿಯೂತ ಕಂಡರೆ ಮೊದಲು ಸ್ಟೀರಾಯ್ಡ್ ಕೊಟ್ಟು ನೋಡುವುದು, ಬಗ್ಗದಿದ್ದರೆ ಮುಂದಿನ ಪರೀಕ್ಷೆಗೆ ಕಳಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಹೆಚ್ಚಿನ ರೋಗಿಗಳಿಗೆ ಇದರಿಂದ ಒಳ್ಳೆಯದೇ ಆಗಿದೆ. ಆದರೆ ಐವತ್ತು ದಾಟಿದವರ ಕಣ್ಣು ನೋವಿಲ್ಲದೆ, ಅಷ್ಟಾಗಿ ಕೆಂಪಾಗದೆ ಮಂಜಾಗುತ್ತ ಬಂದಾಗ, ಕಣ್ಣ ಮುಂದೆ ನುಸಿ ಹಾರಿದಂತೆ ಚುಕ್ಕೆಗಳು ತೇಲುವುದು ತಿಂಗಳಾದರೂ ನಿಲ್ಲದಿದ್ದಾಗ, ಇದೇ ಪದ್ಧತಿ ಅವರನ್ನು ದಾರಿ ತಪ್ಪಿಸಬಹುದು. ಅಂಥವರಲ್ಲಿ ಕೆಲವರಿಗೆ ಇರುವುದು ಯುವಿಯೈಟಿಸ್ ಎಂಬ ಈ ಉರಿಯೂತ ಅಲ್ಲ, ಲಿಂಫೋಮಾ. ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಈ ಕ್ಯಾನ್ಸರ್ ರೆಟಿನಾ ಮತ್ತು ಕಣ್ಣುಗುಡ್ಡೆಯೊಳಗೆ ತುಂಬಿರುವ ವಿಟ್ರಿಯಸ್ ದ್ರವದಲ್ಲಿ ಉರಿಯೂತದ ವೇಷ ತೊಟ್ಟು ಕೂರುತ್ತದೆ. ಅಪರೂಪದ ಕಾಯಿಲೆ, ನಿಜ. ಆದರೆ ಬಂದವರಲ್ಲಿ ಬಹುಪಾಲು ಜನರಿಗೆ ಒಂದಲ್ಲ ಒಂದು ದಿನ ಅದು ಮೆದುಳಿನಲ್ಲೂ ಕಾಣಿಸಿಕೊಳ್ಳುತ್ತದೆ.

ಸ್ಟೀರಾಯ್ಡ್ ಇಲ್ಲಿ ಎರಡು ರೀತಿಯಲ್ಲಿ ಮೋಸ ಮಾಡುತ್ತದೆ. ಅದು ಲಿಂಫೋಮಾದ ಜೀವಕೋಶಗಳನ್ನೂ ಕೊಲ್ಲುವುದರಿಂದ ಕೆಲವು ವಾರ ಕಣ್ಣು ತಿಳಿಯಾಗುತ್ತದೆ. ರೋಗಿಗೆ ಸಮಾಧಾನ, ವೈದ್ಯರಿಗೆ ತಮ್ಮ ಊಹೆ ಸರಿಯಿತ್ತೆಂಬ ಭರವಸೆ. ಮತ್ತೆ ಮಂಜು ಕವಿದು, ಕೊನೆಗೂ ವಿಟ್ರಿಯಸ್ ದ್ರವ ತೆಗೆದು ಲ್ಯಾಬಿಗೆ ಕಳಿಸುವ ಹೊತ್ತಿಗೆ ನೋಡಬೇಕಾದ ಕೋಶಗಳೇ ಒಡೆದು ಹೋಗಿರುತ್ತವೆ.

ಇನ್ನೊಂದು ನಂಬಿಕೆಯನ್ನೂ ಇಲ್ಲಿಯೇ ಪ್ರಶ್ನಿಸಬೇಕು. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕೋಶ ಕಂಡರಷ್ಟೇ ಕ್ಯಾನ್ಸರ್ ಎನ್ನಬೇಕು ಎಂಬ ಮಾತು ಸ್ತನಕ್ಕೋ ಕುತ್ತಿಗೆಯ ಗಂಟಿಗೋ ಚೆನ್ನಾಗಿ ಒಪ್ಪುತ್ತದೆ. ಕಣ್ಣಿನಲ್ಲಿ ಪರಿಸ್ಥಿತಿ ಬೇರೆ. ವಿಟ್ರಿಯಸ್ ಇರುವುದೇ ಸುಮಾರು 4 ಮಿಲಿಲೀಟರ್. ಶಸ್ತ್ರಚಿಕಿತ್ಸಕರು ತೆಗೆಯುವ ಮಾದರಿ ಸುಮಾರು 1 ಮಿಲಿಲೀಟರ್. ಅದರಲ್ಲಿ ರೋಗದ ಕೋಶಗಳು ವಿರಳ. ಜೊತೆಗೆ ಉರಿಯೂತದ ಸಾಮಾನ್ಯ ಕೋಶಗಳೂ ಸತ್ತ ಕೋಶಗಳ ಚೂರುಗಳೂ ಬೆರೆತಿರುತ್ತವೆ. ಲ್ಯಾಬಿಗೆ ತಲುಪುವುದು ತಡವಾದರೆ ಇರುವಷ್ಟೂ ಹಾಳು. ಹಾಗಾಗಿ ‘ಅಸಹಜ ಕೋಶಗಳಿವೆ, ಖಚಿತವಾಗಿ ಹೇಳಲಾಗದು’ ಎಂಬ ವರದಿ ಬರುವುದು ಪೆಥಾಲಜಿಸ್ಟರ ಅಸಡ್ಡೆಯಿಂದಲ್ಲ. ಅವರ ಕೈಗೆ ಸಿಕ್ಕ ಮಾದರಿಯೇ ಅಷ್ಟು ಬಡವಾಗಿರುತ್ತದೆ.

ಅಣುಮಟ್ಟದ ಪರೀಕ್ಷೆಗೆ ಇಡೀ ಕೋಶ ಬೇಕಿಲ್ಲ. ಎಂವೈಡಿ88 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಪ್ರೊಟೀನಿನ 265ನೇ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಬಂದು ಕೂತರೆ, ಬಿಳಿ ರಕ್ತಕಣಗಳ ಒಂದು ಬಗೆಯಾದ ಬಿ ಕೋಶಕ್ಕೆ ‘ಬದುಕು, ಬೆಳೆ’ ಎಂಬ ಸಂಕೇತ ನಿಲ್ಲದೆ ಹೋಗುತ್ತಿರುತ್ತದೆ. ಲಿಂಫೋಮಾದಲ್ಲಿ ಈ ಬದಲಾವಣೆ ಇದೆಯೆಂದು 2011ರಲ್ಲಿ ಗೊತ್ತಾಯಿತು. 2015ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು ಕಣ್ಣಿನ ಲಿಂಫೋಮಾದಲ್ಲಿ ಸುಮಾರು ಮೂರನೇ ಎರಡು ಪಾಲು ರೋಗಿಗಳ ವಿಟ್ರಿಯಸ್‌ನಲ್ಲಿ ಈ ಜೀನ್ ಕೆಟ್ಟಿರುವುದನ್ನು ತೋರಿಸಿದರು. 2018ರಲ್ಲಿ ನೆದರ್ಲೆಂಡ್ಸ್‌ನವರು ಇನ್ನೂ ಮುಂದೆ ಹೋಗಿ, ಕಣ್ಣಿನ ಮುಂಭಾಗದ ಆಕ್ವಿಯಸ್ ದ್ರವದಲ್ಲೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಅದನ್ನು ಹಿಡಿದರು. ಕೋಶ ಒಡೆದರೂ ಅದರ ಡಿಎನ್‌ಎ ದ್ರವದಲ್ಲಿ ತೇಲುತ್ತಿರುತ್ತದೆ. ಸೂಕ್ಷ್ಮದರ್ಶಕಕ್ಕೆ ಕಸವಾಗಿ ಕಂಡದ್ದು ಈ ಪರೀಕ್ಷೆಗೆ ಸಾಕ್ಷಿಯಾಗುತ್ತದೆ.

ಇದೆಲ್ಲ ದೊಡ್ಡ ದೇಶಗಳ ದುಬಾರಿ ಮಾತು, ನಮ್ಮದು ಟಿಬಿ ನಾಡು, ಕಣ್ಣಿನ ಉರಿಯೂತಕ್ಕೂ ಮೊದಲು ಶಂಕಿಸಬೇಕಾದದ್ದು ಟಿಬಿಯನ್ನೇ ಎಂಬ ಉತ್ತರ ಥಟ್ಟನೆ ಬರುತ್ತದೆ. ನನಗೆ ಅತ್ಯಂತ ಕಳವಳ ತರುವ ವಾದ ಇದೇ. ಚೆನ್ನೈನ ಶಂಕರ ನೇತ್ರಾಲಯದಂಥ ಸಂಸ್ಥೆಗಳು ಕಣ್ಣಿನ ದ್ರವದಲ್ಲಿ ಟಿಬಿ, ಹರ್ಪಿಸ್‌ಗಳಿಗೆ ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಮಾಡಲು ತೊಡಗಿ ದಶಕಗಳೇ ಆಗಿವೆ. ಹನಿ ಔಷಧಿಯಿಂದ ಕಣ್ಣು ಮರಗಟ್ಟಿಸಿ, ಸಣ್ಣ ಸೂಜಿಯಿಂದ 0.1 ಮಿಲಿಲೀಟರ್‌ನಷ್ಟು ಆಕ್ವಿಯಸ್ ಎಳೆದರೆ, ಕೆಲವೇ ಗಂಟೆಗಳಲ್ಲಿ ಕಣ್ಣು ಅದನ್ನು ತಾನೇ ತುಂಬಿಕೊಳ್ಳುತ್ತದೆ. ವಾಲ್ಡನ್‌ಸ್ಟ್ರೋಮ್ ಎಂಬ ಇನ್ನೊಂದು ರಕ್ತದ ಕ್ಯಾನ್ಸರಿಗಾಗಿ ಎಂವೈಡಿ88 ಪರೀಕ್ಷೆ ನಮ್ಮ ಲ್ಯಾಬುಗಳಲ್ಲೂ ನಡೆಯುತ್ತದೆ. ಸೂಜಿ ಇದೆ, ದ್ರವ ಇದೆ, ಯಂತ್ರ ಇದೆ. ಟಿಬಿಗೆ ಕಳಿಸುವ ದ್ರವದಲ್ಲೇ ಈ ಪ್ರಶ್ನೆಯನ್ನೂ ಕೇಳಬೇಕೆಂದು ಹೊಳೆಯುವುದಿಲ್ಲ, ಅಷ್ಟೇ. ಟಿಬಿ ಪತ್ತೆಗೆ ಕೈಗೆ ಹಾಕುವ ಮಾಂಟೂ ಪರೀಕ್ಷೆ ಭಾರತದ ಎಷ್ಟೋ ಆರೋಗ್ಯವಂತರಲ್ಲೂ ಪಾಸಿಟಿವ್ ಬರುತ್ತದೆ. ಅದನ್ನೇ ನೆಚ್ಚಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸಿದರೆ, ಅದರಲ್ಲಿರುವ ಎಥಾಂಬ್ಯುಟಾಲ್ ಕೆಲವರಲ್ಲಿ ಕಣ್ಣಿನ ನರಕ್ಕೇ ಪೆಟ್ಟು ಕೊಡಬಲ್ಲದು. ಟಿಬಿಯೇ ಇಲ್ಲದ ಕಣ್ಣಿಗೆ ಈ ಶಿಕ್ಷೆ ಯಾಕೆ?

ಎಂವೈಡಿ88 ಪರೀಕ್ಷೆಗೂ ಮಿತಿಯಿದೆ. ಜೀನ್ ಸರಿಯಿದೆ ಎಂದು ವರದಿ ಬಂದ ಮಾತ್ರಕ್ಕೆ ಲಿಂಫೋಮಾ ಇಲ್ಲವೆಂದಾಗುವುದಿಲ್ಲ. ಮೂರರಲ್ಲಿ ಒಬ್ಬರಲ್ಲಿ ಅದು ಸಿಗದೆ ಹೋಗಬಹುದು. ಅದಕ್ಕೇ ಕಣ್ಣಿನ ದ್ರವದಲ್ಲಿ ಐಎಲ್-10 ಮತ್ತು ಐಎಲ್-6 ಎಂಬ ಪ್ರೊಟೀನುಗಳ ಅನುಪಾತ, ಬಿ ಕೋಶಗಳೆಲ್ಲ ಒಂದೇ ಮೂಲದಿಂದ ಬಂದವೇ ಎಂಬ ಪರೀಕ್ಷೆ, ಸೂಕ್ಷ್ಮದರ್ಶಕ, ಮೆದುಳಿನ ಎಂಆರ್‌ಐ ಎಲ್ಲವನ್ನೂ ಒಟ್ಟಿಗೆ ಓದಬೇಕು. ಕಣ್ಣಿಗೆ ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿ ಚುಚ್ಚಿದರೆ ರೋಗ ಮೆದುಳಿಗೆ ಹೋಗುವುದು ತಪ್ಪುತ್ತದೆಯೇ ಎಂಬುದರಲ್ಲಿ ತಜ್ಞರಿಗೆ ಇನ್ನೂ ಒಮ್ಮತವಿಲ್ಲ. ಇವನ್ನೆಲ್ಲ ಒಪ್ಪಿಯೂ ನನ್ನ ತಕರಾರು ಹಾಗೇ ಉಳಿಯುತ್ತದೆ. ರೋಗದ ಹೆಸರು ಬೇಗ ಗೊತ್ತಾದವರಿಗೆ ಕಾಲಕಾಲಕ್ಕೆ ಎಂಆರ್‌ಐ ಆಗುತ್ತದೆ, ರಕ್ತರೋಗ ತಜ್ಞರು ಸಿಗುತ್ತಾರೆ, ಬೇಡದ ಔಷಧಿ ನಿಲ್ಲುತ್ತದೆ. ಗೊತ್ತಾಗದವರಿಗೆ ಇದ್ಯಾವುದೂ ಇಲ್ಲ.

ಮನೆಯಲ್ಲಿ ಹಿರಿಯರೊಬ್ಬರ ಕಣ್ಣಿನ ಉರಿಯೂತ ಸ್ಟೀರಾಯ್ಡಿಗೆ ತಗ್ಗಿ, ನಿಲ್ಲಿಸಿದ ಕೂಡಲೇ ಮರುಕಳಿಸುತ್ತಿದ್ದರೆ, ಮುಂದಿನ ಕೋರ್ಸ್ ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ: ‘ಡಾಕ್ಟ್ರೇ, ಕಣ್ಣಿನ ದ್ರವ ತೆಗೆದು ಲಿಂಫೋಮಾಕ್ಕೆ ಪರೀಕ್ಷೆ ಮಾಡಿಸೋಣವೇ?’