ಹಿಮೋಗ್ಲೋಬಿನ್ನಿನ ವಿಗ್ರಹವಾಕ್ಯ

ರಕ್ತದ ಹಿಮೋಗ್ಲೋಬಿನ್ ನಾಲ್ಕು ಪ್ರೋಟೀನು ಸರಪಣಿಗಳು ಕೂಡಿ ಆದುದೆಂದು ಹೇಳಿ ಮುಗಿಸುವುದು ನಮ್ಮ ಶಾಸ್ತ್ರಲೇಖಕರಲ್ಲಿ ಕೆಲವರ ವಾಡಿಕೆ. ಸಂಖ್ಯೆಯೇನೋ ಸರಿ, 141 ಅಮೈನೋ ಆಮ್ಲಗಳ ಆಲ್ಫಾ ಎರಡು, 146ರ ಬೀಟಾ ಎರಡು. ವಿಗ್ರಹ ಮಾತ್ರ ತಪ್ಪು.

ವೈಯಾಕರಣರು ಈ ಭೇದವನ್ನು ಬಲ್ಲರು. ನಾಲ್ವರು ಋತ್ವಿಜರ ಹೆಸರುಗಳನ್ನು ಒಮ್ಮೆಗೇ ದ್ವಂದ್ವ ಮಾಡಿದರೆ ‘ಹೋತೃಪೋತೃನೇಷ್ಟೋದ್ಗಾತಾರಃ’ ಎಂದಾಗುವುದು. ಇಬ್ಬಿಬ್ಬರನ್ನು ಕೂಡಿಸಿ, ಆ ಜೋಡಿಗಳನ್ನು ಮರಳಿ ಕೂಡಿಸಿದರೆ ‘ಹೋತಾಪೋತಾನೇಷ್ಟೋದ್ಗಾತಾರಃ’ ಎಂದು. ಪದಗಳು ಅವೇ, ಆದರೆ ಕೂಡಿದ ಕ್ರಮವು ರೂಪದಲ್ಲಿಯೇ ಕಾಣುತ್ತದೆ.

ಹಿಮೋಗ್ಲೋಬಿನ್ ಈ ಎರಡನೆಯ ಬಗೆಯದು. ಒಂದು ಆಲ್ಫಾ, ಒಂದು ಬೀಟಾ ಸೇರಿದ ಯುಗ್ಮದೊಳಗಣ ಬಂಧ ಬಿಗಿ. ಯುಗ್ಮಯುಗ್ಮಗಳ ನಡುವಣದು ಸಡಿಲ. ಆಮ್ಲಜನಕವು ಬಂದು ಹೋಗುವಾಗ ಮುಖ್ಯವಾಗಿ ಸರಿದಾಡುವ ಸಂಧಿಯೂ ಇದೇ. ಆಮ್ಲಜನಕಯುಕ್ತವಾದ ಹಿಮೋಗ್ಲೋಬಿನ್ನಿನ ದ್ರಾವಣಕ್ಕೆ ನೀರು ಬೆರಸಿ ತೆಳುಮಾಡುತ್ತ ಹೋದರೆ ಅಣುಗಳು ಎರಡೆರಡು ಯುಗ್ಮಗಳಾಗಿ ಬೇರ್ಪಡುವುವು, ನಾಲ್ಕು ಬಿಡಿ ಸರಪಣಿಗಳಾಗಿ ಅಲ್ಲ. ರಕ್ತಕಣವೊಡೆದು ಹಿಮೋಗ್ಲೋಬಿನ್ ಪ್ಲಾಸ್ಮಾಕ್ಕೆ ಸೋರಿದಾಗ ಅಲ್ಲಿಯ ಹ್ಯಾಪ್ಟೋಗ್ಲೋಬಿನ್ ಹಿಡಿದುಕೊಳ್ಳುವುದೂ ಈ ಯುಗ್ಮವನ್ನೇ. ‘ನಾಲ್ಕು ಕೂಡಿ’ ಎಂದು ಕಲಿತ ವಿದ್ಯಾರ್ಥಿಗೆ ಇದೊಂದೂ ಹೊಳೆಯದು. ಉಪಾಧ್ಯಾಯನೂ, ಪಾಪ, ಏನೆಂದು ಬಿಡಿಸಿಯಾನು?

ಆದುದರಿಂದ ‘ಆಲ್ಫಾಬೀಟಾಯುಗ್ಮವೂ ಆಲ್ಫಾಬೀಟಾಯುಗ್ಮವೂ ಕೂಡಿದುದು’ ಎಂದೇ ಬರೆಯತಕ್ಕದ್ದು. ವಾಕ್ಯ ಉದ್ದವಾದರೆ ಆಗಲಿ.