ಮುಂದಿನ ಬ್ರೇಕು, ಹಿಂದಿನ ಬ್ರೇಕು

ವೇಗದ ಕಾರಿಗೆ ದೊಡ್ಡ ಬ್ರೇಕ್ ಕೂರಿಸುವ ಕೆಲಸ ಬಹುಪಾಲು ಮುಂದಿನ ಚಕ್ರಗಳಲ್ಲೇ ಮುಗಿದುಹೋಗುತ್ತದೆ. ನಾಲ್ಕು ಅಥವಾ ಆರು ಪಿಸ್ಟನ್ನಿನ ಕ್ಯಾಲಿಪರ್, ಅಗಲವಾದ ಡಿಸ್ಕ್, ಕೆಂಪು ಬಣ್ಣದ ಅಲ್ಯೂಮಿನಿಯಂ ಮೈ ಅಲಾಯ್ ವೀಲಿನ ಸಂದಿಯಿಂದ ಎದ್ದು ಕಂಡರೆ ಬ್ರೇಕ್ ಸುಧಾರಿಸಿತು ಎಂದು ಅಳೆಯುವುದು ವಾಡಿಕೆ. ಆ ಅಳತೆಯೇ ತಪ್ಪು. ಕಾರು ನಿಲ್ಲುವುದು ನಾಲ್ಕೂ ಟೈರುಗಳ ಹಿಡಿತದಿಂದ. ಆ ಹಿಡಿತವನ್ನು ಮುಂದೆ ಎಷ್ಟು, ಹಿಂದೆ ಎಷ್ಟು ಬಳಸಿಕೊಳ್ಳಬೇಕೆಂಬ ಪಾಲು ಕೆಟ್ಟರೆ, ದುಬಾರಿ ಬ್ರೇಕಿನ ಕಾರು ಕಾರ್ಖಾನೆಯಿಂದ ಬಂದ ಸ್ಥಿತಿಗಿಂತಲೂ ಮುಂದೆ ಹೋಗಿ ನಿಲ್ಲುತ್ತದೆ.

ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. 1,400 ಕೆ.ಜಿ. ತೂಕದ, ಮುಂದೆ ಶೇ. 60 ಹಿಂದೆ ಶೇ. 40 ಭಾರ ಹೊತ್ತ ಒಂದು ಕಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.5 ಮೀಟರ್, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ. ಒಣ ರಸ್ತೆಯಲ್ಲಿ ಒಳ್ಳೆಯ ಟೈರಿನಿಂದ 1 ಜಿ ಪ್ರಮಾಣದಲ್ಲಿ ವೇಗ ಇಳಿಸಿದರೆ 280 ಕೆ.ಜಿ. ಭಾರ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಆ ಕ್ಷಣದಲ್ಲಿ ಮುಂದಿನ ಟೈರುಗಳ ಮೇಲೆ 1,120 ಕೆ.ಜಿ., ಹಿಂದಿನವುಗಳ ಮೇಲೆ 280 ಕೆ.ಜಿ. ಮಾತ್ರ. ಅಂದರೆ ಬ್ರೇಕಿನ ಬಲವೂ 80ಕ್ಕೆ 20ರಂತೆ ಹಂಚಿಕೆಯಾದಾಗ ನಾಲ್ಕೂ ಟೈರು ಪೂರ್ತಿ ದುಡಿಯುತ್ತವೆ.

ಈ ಹಂಚಿಕೆ ಎರಡೂ ಕಡೆಗೆ ತಪ್ಪಬಹುದು, ಆದರೆ ಎರಡು ತಪ್ಪುಗಳೂ ಒಂದೇ ಅಲ್ಲ. ಮುಂದಿನ ಚಕ್ರ ಮೊದಲು ಲಾಕ್ ಆದರೆ ಸ್ಟೀರಿಂಗ್ ಕೆಲಸ ಮಾಡುವುದಿಲ್ಲ, ಕಾರು ನೇರವಾಗಿ ಜಾರುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರಿನ ಹಿಂಭಾಗ ಪಕ್ಕಕ್ಕೆ ಬೀಸಿ, ಕಾರೇ ತಿರುಗಿ ನಿಲ್ಲುತ್ತದೆ. ಅದಕ್ಕೇ ತಯಾರಕರು ಮುಂದಿನ ಚಕ್ರವೇ ಸ್ವಲ್ಪ ಮೊದಲು ಮಿತಿ ಮುಟ್ಟುವಂತೆ ಪಾಲು ಇಡುತ್ತಾರೆ. ಕಾರುಗಳ ಬ್ರೇಕಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 13-ಎಚ್ ನಿಯಮದ ಹಿಂದಿರುವ ಕಾಳಜಿಯೂ ಇದೇ.

ಈಗ ಅದೇ ಕಾರಿನ ಮುಂದಿನ ಬ್ರೇಕ್ ಮಾತ್ರ ಬದಲಾಯಿಸಿದರೆ ಏನಾಗುತ್ತದೆ? ಮೂಲದಲ್ಲಿ 57 ಮಿ.ಮೀ.ನ ಒಂದೇ ಪಿಸ್ಟನ್ನಿನ, ಜಾರುವ ಬಗೆಯ ಕ್ಯಾಲಿಪರ್ ಮತ್ತು 294 ಮಿ.ಮೀ. ಡಿಸ್ಕ್ ಇತ್ತೆನ್ನೋಣ. ಅದರ ಜಾಗಕ್ಕೆ 40 ಮತ್ತು 44 ಮಿ.ಮೀ. ಪಿಸ್ಟನ್‌ಗಳು ಎರಡೂ ಬದಿಯಲ್ಲಿರುವ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, 326 ಮಿ.ಮೀ. ಡಿಸ್ಕ್ ಬರುತ್ತದೆ. ಪಿಸ್ಟನ್ ನಾಲ್ಕಾದ ಮಾತ್ರಕ್ಕೆ ಬಲ ನಾಲ್ಕು ಪಟ್ಟಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಒಂದು ಬದಿಯ ಪಿಸ್ಟನ್‌ಗಳ ವಿಸ್ತೀರ್ಣ ಮಾತ್ರ: ಹಳೆಯದರಲ್ಲಿ ಸುಮಾರು 2,550 ಚದರ ಮಿ.ಮೀ., ಹೊಸದರಲ್ಲಿ 2,780. ಹೆಚ್ಚಳ ಶೇ. 9. ಪ್ಯಾಡು ಡಿಸ್ಕನ್ನು ಹಿಡಿಯುವ ಜಾಗ ಕೇಂದ್ರದಿಂದ 16 ಮಿ.ಮೀ. ದೂರ ಸರಿದದ್ದರಿಂದ ಇನ್ನೊಂದು ಶೇ. 13 ಸೇರುತ್ತದೆ. ಎರಡನ್ನೂ ಗುಣಿಸಿದರೆ ಪೆಡಲಿನ ಅದೇ ಒತ್ತಡಕ್ಕೆ ಮುಂದಿನ ಬ್ರೇಕ್ ಶೇ. 23ರಷ್ಟು ಹೆಚ್ಚು ಕಚ್ಚುತ್ತದೆ.

ಹಿಂದಿನ ಬ್ರೇಕ್ ಇದ್ದಂತೆಯೇ ಇರುವುದರಿಂದ 80:20 ಇದ್ದ ಪಾಲು ಈಗ 83:17 ಆಯಿತು. ಮುಂದಿನ ಟೈರು ಮಿತಿ ಮುಟ್ಟಿದಾಗ ಹಿಂದಿನ ಟೈರಿನಲ್ಲಿ ಇನ್ನೂ ಹಿಡಿತ ಉಳಿದಿರುತ್ತದೆ, ಅದು ಬಳಕೆಗೆ ಬರುವುದಿಲ್ಲ. ಕಾರು 1 ಜಿ ಬದಲು 0.95 ಜಿಯಲ್ಲಿ ನಿಲ್ಲುತ್ತದೆ. ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಲು 39 ಮೀಟರ್ ಸಾಕಿದ್ದ ಕಾರಿಗೆ 41 ಮೀಟರ್ ಬೇಕಾಗುತ್ತದೆ. ಹಿಡಿತ ಅರ್ಧಕ್ಕಿಳಿದ ಮಳೆಯ ರಸ್ತೆಯಲ್ಲಿ ಅಂತರ ಸುಮಾರು 4 ಮೀಟರಿಗೆ ಏರುತ್ತದೆ. ಹಣ ಸುರಿದು ಕೊಂಡದ್ದು ಒಂದು ಕಾರಿನ ಉದ್ದದಷ್ಟು ಹೆಚ್ಚುವರಿ ಜಾರುವಿಕೆ. ಓಡಿಸುವವನಿಗೆ ಮಾತ್ರ ಹಾಗನ್ನಿಸುವುದಿಲ್ಲ. ಪೆಡಲ್ ಮುಟ್ಟಿದೊಡನೆ ಮೂಗು ಕುಸಿಯುತ್ತದೆ, ಬ್ರೇಕ್ ಹರಿತವಾದಂತೆ ತೋರುತ್ತದೆ. ಈ ಮೊದಲ ಕಚ್ಚುವಿಕೆಯನ್ನೇ ನಿಲ್ಲುವ ಶಕ್ತಿ ಎಂದು ಎಣಿಸುವುದು ಈ ರೂಢಿಯ ದೊಡ್ಡ ದೋಷ.

ಎಬಿಎಸ್ ಇರುವ ಕಾರಿನಲ್ಲಿ ಈ ನಷ್ಟ ಕೊಂಚ ಮರೆಯಾಗುತ್ತದೆ. ಚಾಲಕ ಪೆಡಲನ್ನು ಬಲವಾಗಿ ತುಳಿಯುತ್ತಲೇ ಇದ್ದರೆ ಮುಂದಿನ ಚಕ್ರಗಳ ಒತ್ತಡವನ್ನು ಎಬಿಎಸ್ ತಡೆಹಿಡಿಯುತ್ತದೆ, ಹಿಂದಿನವುಗಳ ಒತ್ತಡ ಏರಿ ತನ್ನ ಪಾಲನ್ನು ತಲುಪುತ್ತದೆ. ಆದರೆ ಅದಕ್ಕೆ ಪೂರ್ತಿ ತುಳಿಯಬೇಕು, ಎಬಿಎಸ್ ಬೇಗನೆ ಎಚ್ಚರಗೊಳ್ಳುತ್ತದೆ, ಮತ್ತು ಅದರ ಲೆಕ್ಕಾಚಾರವನ್ನು ಬರೆದದ್ದು ಮೂಲ ಬ್ರೇಕಿಗೆ. ಎಬಿಎಸ್ ಇದೆಯೆಂದು ಪಾಲನ್ನು ಮರೆಯುವುದು ಸರಿಯಲ್ಲ.

ಹಾಗಾದರೆ ದೊಡ್ಡ ಡಿಸ್ಕ್ ಇರುವುದೇಕೆ? ಬಿಸಿಗಾಗಿ. ಇದೇ ಕಾರು 160 ಕಿ.ಮೀ. ವೇಗದಿಂದ ನಿಂತಾಗ ಸುಮಾರು 14 ಲಕ್ಷ ಜೂಲ್ ಶಕ್ತಿ ಶಾಖವಾಗುತ್ತದೆ. ಮುಂದಿನ ಒಂದೊಂದು ಡಿಸ್ಕಿನ ಪಾಲಿಗೆ ಐದೂವರೆ ಲಕ್ಷ. ಎಂಟು ಕೆ.ಜಿ. ತೂಕದ ಬೀಡುಕಬ್ಬಿಣದ ಡಿಸ್ಕ್ ಒಂದೇ ಸಲಕ್ಕೆ 150 ಡಿಗ್ರಿಯಷ್ಟು ಕಾಯುತ್ತದೆ, ಹತ್ತು ಕೆ.ಜಿ.ಯದು 120 ಡಿಗ್ರಿ. ಒಮ್ಮೆ ನಿಲ್ಲುವುದಕ್ಕೆ ಈ ವ್ಯತ್ಯಾಸ ಏನೂ ಅಲ್ಲ. ಚೆನ್ನೈ ಹೊರವಲಯದ ಇರುಂಗಾಟುಕೋಟೈ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೋ ಸುತ್ತಿನ ಮೇಲೆ ಸುತ್ತು ಹಾಕುವ ಕಾರಿಗೆ, ತಣಿಯುವ ಮೊದಲೇ ಮತ್ತೆ ಬಿಸಿಯೇರುವ ಡಿಸ್ಕಿಗೆ, ಅದೇ ಎಲ್ಲ. ದೊಡ್ಡ ಬ್ರೇಕಿನ ಸಮರ್ಥನೆ ಇರುವುದು ಹತ್ತನೆಯ ಸುತ್ತಿನಲ್ಲೂ ಮೊದಲ ಸುತ್ತಿನಂತೆಯೇ ಹಿಡಿಯುವುದರಲ್ಲಿ. ಡಿಸ್ಕಿಗೆ ತೂತು ಕೊರೆಸುವ ಚಾಳಿಗೆ ಈ ಸಮರ್ಥನೆಯೂ ಸಿಗುವುದಿಲ್ಲ: ತೂತುಗಳು ಶಾಖ ಹೀರುವ ಲೋಹವನ್ನೇ ಕಡಿಮೆ ಮಾಡುತ್ತವೆ, ಬಿರುಕುಗಳು ಹುಟ್ಟುವುದೂ ಅವುಗಳ ಅಂಚಿನಲ್ಲೇ.

ಶಾಖವನ್ನು ತಡೆದುಕೊಳ್ಳುತ್ತಲೇ ಪಾಲನ್ನು ಕಾಪಾಡುವುದು ಹೇಗೆಂಬುದಕ್ಕೆ ಸುಬಾರು ಕಂಪನಿಯ ಕೆಲಸ ಒಳ್ಳೆಯ ಮಾದರಿ. ಎರಡನೇ ತಲೆಮಾರಿನ ಇಂಪ್ರೆಝಾದ ಡಬ್ಲ್ಯುಆರ್‌ಎಕ್ಸ್ ಕಾರಿಗೆ ಮುಂದೆ ಇದ್ದದ್ದು 294 ಮಿ.ಮೀ. ಡಿಸ್ಕ್. ಅದರ ಬಲಶಾಲಿ ರೂಪವಾದ ಎಸ್‌ಟಿಐಗೆ ಬ್ರೆಂಬೊ ಬ್ರೇಕ್ ಕೂರಿಸುವಾಗ ಮುಂದೆ 326 ಮಿ.ಮೀ. ಡಿಸ್ಕಿಗೆ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಕೊಟ್ಟು, ಹಿಂದೆಯೂ 316 ಮಿ.ಮೀ. ಡಿಸ್ಕ್ ಮತ್ತು ಎರಡು ಪಿಸ್ಟನ್ನಿನ ಕ್ಯಾಲಿಪರ್ ಕೊಟ್ಟರು. ನಾಲ್ಕೂ ಚಕ್ರಗಳನ್ನು ಒಟ್ಟಿಗೆ ಎಣಿಸಿದ ಕೆಲಸ ಇದು. ಇದರ ಎದುರಿಗೆ, ಸೆಕೆಂಡ್‌ಹ್ಯಾಂಡ್ ಎಸ್‌ಟಿಐನ ಮುಂದಿನ ಜೋಡಿಯನ್ನಷ್ಟೇ ತಂದು ಡಬ್ಲ್ಯುಆರ್‌ಎಕ್ಸ್‌ಗೆ ಬಿಗಿಯುವ ಹವ್ಯಾಸವನ್ನಿಟ್ಟು ನೋಡಿದರೆ ಯಾವುದು ಎಂಜಿನಿಯರಿಂಗ್, ಯಾವುದು ಅಲಂಕಾರ ಎಂಬುದು ತಿಳಿಯುತ್ತದೆ.

ತಪ್ಪಿದ ಪಾಲನ್ನು ಹೊಂದಾಣಿಕೆಯ ವಾಲ್ವ್ ಹಾಕಿ ಸರಿಪಡಿಸಬಹುದೆಂಬ ನಂಬಿಕೆಯೂ ಇದೆ. ಹಿಂದಿನ ಲೈನಿಗೆ ಜೋಡಿಸುವ ಈ ವಾಲ್ವ್ ಹಿಂದಿನ ಒತ್ತಡವನ್ನು ಕಡಿಮೆ ಮಾಡಬಲ್ಲದೇ ಹೊರತು ಹೆಚ್ಚಿಸಲಾರದು. ಹಿಂದೆ ಬ್ರೇಕ್ ಅತಿಯಾದಾಗ ಅದು ಉಪಯುಕ್ತ. ಮುಂದೆ ಅತಿಯಾಗಿ ಹಿಂದೆ ಸೊರಗಿದ ಕಾರಿಗೆ ಅದರಿಂದ ಯಾವ ಉಪಕಾರವೂ ಇಲ್ಲ. ಅಲ್ಲಿ ಉಳಿಯುವ ದಾರಿಗಳು ಮುಂದೆ ಚಿಕ್ಕ ಪಿಸ್ಟನ್ನಿನ ಕ್ಯಾಲಿಪರ್ ಆರಿಸಿ ಡಿಸ್ಕ್ ದೊಡ್ಡದಾದ ಲಾಭವನ್ನು ಅಲ್ಲೇ ಸರಿದೂಗಿಸುವುದು, ಇಲ್ಲವೇ ಹಿಂದೆಯೂ ದೊಡ್ಡ ಡಿಸ್ಕ್ ಹಾಕುವುದು. ಮೊದಲನೆಯದೇ ಮೇಲು: ಶಾಖ ಹೀರುವ ಲೋಹ ಹೆಚ್ಚುತ್ತದೆ, ಪಾಲು ಅಲುಗುವುದಿಲ್ಲ, ಮಾಸ್ಟರ್ ಸಿಲಿಂಡರ್ ತಳ್ಳಬೇಕಾದ ಆಯಿಲ್ ಹೆಚ್ಚದ್ದರಿಂದ ಪೆಡಲ್ ಆಳಕ್ಕೆ ಇಳಿಯುವುದೂ ಇಲ್ಲ.

ಪ್ಯಾಡುಗಳ ವಿಷಯದಲ್ಲಿ ಅಪಾಯ ತಿರುಗಿ ಬೀಳುತ್ತದೆ, ಮತ್ತು ಇದನ್ನು ಗಮನಿಸುವವರು ಕಡಿಮೆ. ರೇಸಿನ ಪ್ಯಾಡನ್ನು ಮುಂದೆ ಮಾತ್ರ ಹಾಕಿ ಹಿಂದೆ ಸಾಮಾನ್ಯ ಪ್ಯಾಡ್ ಬಿಟ್ಟ ಕಾರು ಟ್ರ್ಯಾಕಿನಲ್ಲಿ ಚೆನ್ನಾಗಿಯೇ ನಿಲ್ಲಬಹುದು. ಮಳೆಯ ಮುಂಜಾನೆ ಮನೆಯಿಂದ ಹೊರಟ ಮೊದಲ ತಿರುವಿನಲ್ಲಿ, ಬಿಸಿಯಾಗದ ಮುಂದಿನ ಪ್ಯಾಡ್ ಹಿಡಿಯುವುದೇ ಇಲ್ಲ. ತಣ್ಣಗಿದ್ದಾಗಲೂ ಕಚ್ಚುವ ಹಿಂದಿನ ಪ್ಯಾಡ್ ಪಾಲನ್ನು ಹಿಂದಕ್ಕೆ ಎಳೆಯುತ್ತದೆ. ಎಬಿಎಸ್ ಇಲ್ಲದ ಕಾರಿನಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗುವ ಪರಿಸ್ಥಿತಿ ಇದು. ಆದ್ದರಿಂದ ಪ್ಯಾಡನ್ನು ನಾಲ್ಕೂ ಚಕ್ರಕ್ಕೆ ಒಂದೇ ಗುಣದ್ದಾಗಿ ಬದಲಿಸಬೇಕು.

ಬ್ರೇಕ್ ಆಯಿಲ್ ಎಲ್ಲಕ್ಕಿಂತ ಅಗ್ಗದ ಸುಧಾರಣೆ, ಪಾಲನ್ನು ಕೆಡಿಸುವುದೂ ಇಲ್ಲ. ಹೊಸ ಡಾಟ್ 4 ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವ ಹೀರಿಕೊಂಡ ಮೇಲೆ 155; ಡಾಟ್ 5.1ಕ್ಕೆ ಇವು 260 ಮತ್ತು 180. ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಆಗ ಕ್ಯಾಲಿಪರ್ ಎಷ್ಟು ದೊಡ್ಡದಿದ್ದರೂ ವ್ಯರ್ಥ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದ ತೇವದಲ್ಲಿ ಹಳೆಯ ಆಯಿಲನ್ನು ವರ್ಷಗಟ್ಟಲೆ ಬಿಟ್ಟು ಹೊಸ ಕ್ಯಾಲಿಪರಿಗೆ ದುಡ್ಡು ಕೂಡಿಡುವುದರಲ್ಲಿ ಅರ್ಥವಿಲ್ಲ. ಒಳ್ಳೆಯ ಟೈರು, ತಾಜಾ ಆಯಿಲ್, ನಾಲ್ಕೂ ಕಡೆ ತಕ್ಕ ಪ್ಯಾಡ್ ಇಷ್ಟನ್ನೂ ಮಾಡಿದ ಮೇಲೆಯೂ ಡಿಸ್ಕ್ ಅತಿಯಾಗಿ ಕಾಯುತ್ತಿದ್ದರೆ ಮಾತ್ರ ದೊಡ್ಡ ಡಿಸ್ಕಿನ ಸರದಿ.

ದೊಡ್ಡ ಡಿಸ್ಕಿಗೆ ದೊಡ್ಡ ರಿಮ್ ಬೇಕು, 326 ಮಿ.ಮೀ.ಗೆ ಕನಿಷ್ಠ 17 ಇಂಚು. ರಿಮ್ ಬೆಳೆದಷ್ಟೂ ಟೈರಿನ ಗೋಡೆ ತಗ್ಗುತ್ತದೆ, ಗುಂಡಿ ಬಿದ್ದ ರಸ್ತೆಯ ಏಟು ನೇರ ರಿಮ್ಮಿಗೇ ಬೀಳುತ್ತದೆ. ಭಾರತದಲ್ಲಿ ಕಾನೂನಿನ ಮಾತೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಣೆಗೆ ಹೊರತಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಕಾರನ್ನು ತಗ್ಗಿಸಿದ್ದರೆ ಲೆಕ್ಕವನ್ನು ಮತ್ತೆ ಮಾಡಬೇಕು, ಏಕೆಂದರೆ ಗುರುತ್ವ ಕೇಂದ್ರ ಇಳಿದಾಗ ಮುಂದಕ್ಕೆ ಸರಿಯುವ ಭಾರ ಕಡಿಮೆಯಾಗಿ ಹಿಂದಿನ ಬ್ರೇಕಿನ ಪಾಲು ಹೆಚ್ಚಬೇಕಾಗುತ್ತದೆ.

ಕೆಲಸ ಸರಿಯಾಗಿದೆಯೇ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಹೊಸ ಪ್ಯಾಡುಗಳನ್ನು ಡಿಸ್ಕಿಗೆ ಹದ ಮಾಡಿದ ಮೇಲೆ, ಮುಚ್ಚಿದ ಟ್ರ್ಯಾಕಿನಲ್ಲಿ ಒಂದೇ ವೇಗದಿಂದ ಹಲವು ಸಲ ನಿಲ್ಲಿಸಿ, ಹಳೆಯ ಬ್ರೇಕಿನಲ್ಲಿ ಅಳೆದಿಟ್ಟ ದೂರದೊಂದಿಗೆ ಹೋಲಿಸುವುದು ಮೊದಲ ಹೆಜ್ಜೆ. ಡಿಸ್ಕಿನ ಅಂಚಿಗೆ ಶಾಖ ತೋರಿಸುವ ಬಣ್ಣ ಬಳಿದರೆ ಮುಂದಿನದೂ ಹಿಂದಿನದೂ ಎಷ್ಟೆಷ್ಟು ಕಾದವೆಂಬುದು ಕಾಣುತ್ತದೆ. ಕೆಲವು ತಿಂಗಳ ನಂತರ ನಾಲ್ಕೂ ಚಕ್ರದ ಪ್ಯಾಡ್ ಬಿಚ್ಚಿ ದಪ್ಪ ನೋಡಬೇಕು. ಹಿಂದಿನ ಪ್ಯಾಡ್ ಮೂಲ ಬ್ರೇಕಿನ ಕಾಲಕ್ಕಿಂತ ತೀರಾ ನಿಧಾನವಾಗಿ ಸವೆಯುತ್ತಿದ್ದರೆ ಮುಂದಿನ ಕ್ಯಾಲಿಪರಿನ ಪಿಸ್ಟನ್ ಅಳತೆಯನ್ನು ಮರುಪರಿಶೀಲಿಸಬೇಕಾಗುತ್ತದೆ.